ಕಾರವಾರದ ಮಂಗಟ್ಟೆಯ ಜಾಡು: ಒಂದು ಸಂಘದ ಹಳೆಯ ನಡಾವಳಿ ಓದಿದ ಬಗೆ

ಪ್ರಾಣಿ-ಸಸ್ಯಗಳನ್ನು ಅಭ್ಯಾಸ ಮಾಡುವವರ ಸಂಘವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲಾಂಛನದಲ್ಲಿರುವುದು ದೊಡ್ಡ ಮಂಗಟ್ಟೆ, ಅಂದರೆ ಹಾರ್ನ್‌ಬಿಲ್ ಹಕ್ಕಿ. ಅದಕ್ಕೆ ಮೂಲವಾದ ಹಕ್ಕಿ ಮುಂಬೈಗೆ ಹೋದದ್ದು ಕಾರವಾರದಿಂದ. ಹೆಸರು ವಿಲಿಯಂ. ಸೊಸೈಟಿಯ ಕಚೇರಿಯಲ್ಲಿ 1894ರಿಂದ 1920ರವರೆಗೆ ಇತ್ತು. ಈ ಸಂಗತಿಯ ಬೆನ್ನು ಹಿಡಿದು, ಆ ಸಂಘದ ಚರಿತ್ರೆಯಲ್ಲಿ ಉತ್ತರ ಕನ್ನಡದ ಪಾಲೆಷ್ಟು, ಸಂಘವನ್ನು ನಿಜವಾಗಿ ನಡೆಸಿದವರು ಯಾರು ಎಂದು ಹಳೆಯ ಸಂಪುಟಗಳಿಂದ ಪಟ್ಟಿ ಮಾಡಿದೆವು. ಕೆಲಸ ಹೇಗೆ ಸಾಗಿತು, ಎಲ್ಲೆಲ್ಲಿ ಕೈಕೊಟ್ಟಿತು ಎಂಬುದನ್ನು ಇಲ್ಲಿ ಬರೆದಿಟ್ಟಿದೆ.

ಮೊದಲು ಬೇಕಾದದ್ದು ಕಾಲದ ಚೌಕಟ್ಟು. ಅದಿಲ್ಲದೆ ಸಂಪುಟ ತೆರೆದರೆ ಎರಡು ದಿನದಲ್ಲಿ ದಿಕ್ಕು ತಪ್ಪುತ್ತದೆ. ಸೊಸೈಟಿ ಹುಟ್ಟಿದ್ದು 1883ರ ಸೆಪ್ಟೆಂಬರ್ 15ರಂದು, ಮುಂಬೈಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಅಂದರೆ ಇಂದಿನ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂನಲ್ಲಿ. ಕೂತವರು ಎಂಟು ಮಂದಿ. ಅವರಲ್ಲಿ ಇಬ್ಬರು ಭಾರತೀಯ ವೈದ್ಯರು: ಪ್ರಾರ್ಥನಾ ಸಮಾಜದ ಡಾ. ಆತ್ಮಾರಾಮ್ ಪಾಂಡುರಂಗ್ ಮತ್ತು ಸಸ್ಯಶಾಸ್ತ್ರ ಬಲ್ಲ ಡಾ. ಸಖಾರಾಮ್ ಅರ್ಜುನ್. 'ಬ್ರಿಟಿಷರು ಕಟ್ಟಿದ ಸಂಘ' ಎಂದು ಒಂದೇ ಮಾತಿನಲ್ಲಿ ಮುಗಿಸುವ ಬರಹಗಳು ಈ ಇಬ್ಬರನ್ನು ನುಂಗಿಬಿಡುತ್ತವೆ. ಸೊಸೈಟಿಯ ಜರ್ನಲ್ ಶುರುವಾದದ್ದು 1886ರ ಜನವರಿಯಲ್ಲಿ, ಏಟ್ಕೆನ್ ಮತ್ತು ಸ್ಟರ್ನ್‌ಡೇಲ್ ಸಂಪಾದಕತ್ವದಲ್ಲಿ. ಹಾಗಾಗಿ ಮೊದಲ ಎರಡು ಚಿಲ್ಲರೆ ವರ್ಷದ ಸಂಗತಿಗಳು ಆಗಿಂದಾಗ್ಗೆ ಅಚ್ಚಾದವಲ್ಲ, ಆಮೇಲೆ ನೆನೆದು ಬರೆದವು. ಅವುಗಳ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಎರಡನೆಯದು ಆಡಳಿತದ ನಕ್ಷೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಕಾರವಾರದ ಕಲೆಕ್ಟರು, ಅರಣ್ಯಾಧಿಕಾರಿ, ಉಪ್ಪಿನ ಇಲಾಖೆಯವರು ಎಲ್ಲರೂ ಮುಂಬೈಯ ನೌಕರರು, ಅವರ ವರ್ಗಾವರ್ಗಿಯೂ ಆ ಪ್ರಾಂತ್ಯದೊಳಗೇ. ಅವರು ಸಂಗ್ರಹಿಸಿದ ಹಾವು, ಮೊಟ್ಟೆ, ಚಿಟ್ಟೆಗಳು ಮುಂಬೈಯ ಸಂಘಕ್ಕೆ ಸೇರಿದ್ದು ಸಹಜ. ಮಂಗಳೂರಿನ ಕಡೆಯ ನಮೂದು ಇದೇ ಜರ್ನಲ್‌ನಲ್ಲಿ ಅಷ್ಟೇ ದಟ್ಟವಾಗಿ ಸಿಗುತ್ತದೆಂದು ಕಾದು ಕೂರಬಾರದು.

ಸಂಪುಟಗಳಿಗಾಗಿ ಮುಂಬೈಗೆ ಹೋಗಬೇಕಾಗಿಲ್ಲ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಮತ್ತು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಸಂಪುಟಗಳ ಸ್ಕ್ಯಾನ್ ಉಚಿತವಾಗಿ ಇದೆ. ಪ್ರತಿ ಸಂಪುಟದ ಜತೆ ಯಂತ್ರ ಓದಿ ತೆಗೆದ ಪಠ್ಯವೂ ಇರುತ್ತದೆ. ಎರಡನ್ನೂ ಇಳಿಸಿಕೊಳ್ಳಿ: ಹುಡುಕಲು ಪಠ್ಯ, ಬರೆದುಕೊಳ್ಳಲು ಸ್ಕ್ಯಾನ್. ಪಠ್ಯದಿಂದ ನೇರವಾಗಿ ನಕಲು ಮಾಡಿದ ಯಾವ ಅಂಕಿಯನ್ನೂ ನಂಬಬೇಡಿ. ಹಳೆಯ ಅಚ್ಚಿನ 3 ಮತ್ತು 8, 1 ಮತ್ತು 7 ಯಂತ್ರದ ಕಣ್ಣಿಗೆ ಒಂದೇ.

ಹುಡುಕಾಟದಲ್ಲಿ ಸಿಕ್ಕಿಬೀಳುವುದು ಕಾಗುಣಿತಕ್ಕೆ. ಕನ್ನಡ ಜಿಲ್ಲೆಗೆ ಇಂಗ್ಲಿಷರು ಇಟ್ಟ ಹೆಸರು ಕೆನರಾ, ಅದನ್ನು ಆ ಕಾಲದವರು ಇಂಗ್ಲಿಷಿನಲ್ಲಿ 'ಸಿ'ಯಿಂದಲೂ ಬರೆದಿದ್ದಾರೆ, 'ಕೆ'ಯಿಂದಲೂ ಬರೆದಿದ್ದಾರೆ. ಕಾರವಾರದ ಎರಡು 'ಎ'ಗಳ ನೆತ್ತಿಯ ಮೇಲೆ ಗೆಜೆಟಿಯರ್ ಶೈಲಿಯ ದೀರ್ಘದ ಗೆರೆ ಬಂದರೆ ಯಂತ್ರ ಅದನ್ನು ಇನ್ನೇನೋ ಅಕ್ಷರವಾಗಿ ಓದುತ್ತದೆ. ಸಾಲಿನ ಕೊನೆಯಲ್ಲಿ ಪದ ಮುರಿದು 'ಕಾರ' ಮೇಲೆ, 'ವಾರ' ಕೆಳಗೆ ಹೋಗಿದ್ದರೆ ಹುಡುಕಾಟಕ್ಕೆ ಅದು ಸಿಗುವುದೇ ಇಲ್ಲ. ಮನುಷ್ಯರ ಹೆಸರಿನ ಪಾಡು ಬೇರೆ. ವಿಲಿಯಂನನ್ನು ಸೊಸೈಟಿಗೆ ಕೊಟ್ಟವರು ಎಚ್. ಇಂಗಲ್. ಇಂಗ್ಲಿಷಿನಲ್ಲಿ ಆ ಹೆಸರಿನ ಅಷ್ಟೂ ಅಕ್ಷರಗಳು 'ಸಿಂಗಲ್' ಪದದೊಳಗೆ ಅಡಗಿವೆ. ಒಂದು ಸಂಪುಟದಲ್ಲಿ ಹುಡುಕಿದರೆ ಒಂಟಿ ಮೊಟ್ಟೆ, ಒಂಟಿ ಹಕ್ಕಿ, ಒಂಟಿ ಮರ ಎಲ್ಲ ಎದ್ದು ಬರುತ್ತವೆ, ಇಂಗಲ್ ಒಬ್ಬರನ್ನು ಬಿಟ್ಟು! ಕಾರವಾರದಲ್ಲಿದ್ದ ಅರಣ್ಯ ಇಲಾಖೆಯ ಬೆಲ್ ಅವರ ಹೆಸರಂತೂ ಹಕ್ಕಿಯ ಹೊಟ್ಟೆಯ ಬಣ್ಣ ಹೇಳುವ ಪ್ರತಿ ಸಾಲಿನಲ್ಲೂ 'ಬೆಲ್ಲಿ'ಯಾಗಿ ಬಂದು ಕಾಡುತ್ತದೆ. ಹೆಸರಿನ ಮುಂದಿನ ಇನಿಶಿಯಲ್‌ಗಳನ್ನು ಚುಕ್ಕಿ ಸಮೇತ, ಚುಕ್ಕಿಯಿಲ್ಲದೆ, ನಡುವೆ ಜಾಗ ಬಿಟ್ಟು, ಹೀಗೆ ಮೂರು ಬಗೆಯಲ್ಲಿ ಹುಡುಕಿದರೆ ಅರ್ಧ ಕಸ ಹೋಗುತ್ತದೆ. ಉಳಿದರ್ಧಕ್ಕೆ ಮದ್ದಿಲ್ಲ, ಪುಟ ತಿರುವಿ ಓದಬೇಕು.

ಯಾವ ಪುಟ ಓದಬೇಕು ಎಂಬಲ್ಲಿ ಕೆಲಸದ ಗುಟ್ಟಿದೆ. ಸಂಚಿಕೆಯ ಮುಂಭಾಗದ ದೊಡ್ಡ ಲೇಖನಗಳನ್ನು ಎಲ್ಲರೂ ನೋಡಿರುತ್ತಾರೆ. ಸಂಘದ ಚರಿತ್ರೆ ಇರುವುದು ಹಿಂಭಾಗದಲ್ಲಿ, ಸಣ್ಣ ಅಕ್ಷರದ ನಡಾವಳಿಯಲ್ಲಿ. ಯಾವ ತಾರೀಕಿಗೆ ಸಭೆ, ಅಧ್ಯಕ್ಷತೆ ಯಾರದ್ದು, ಹೊಸ ಸದಸ್ಯರು ಯಾರು, ಆಮೇಲೆ ಮೂರು ಅಂಕಣದ ಒಂದು ಪಟ್ಟಿ: ಬಂದ ವಸ್ತು, ಅದರ ವಿವರ, ಕೊಟ್ಟವರ ಹೆಸರು. ಒಂದು ಸಂಚಿಕೆಯ ನಡಾವಳಿ ಓದಿ ಬರೆದುಕೊಳ್ಳಲು ಇಪ್ಪತ್ತು ನಿಮಿಷ ಸಾಕು. ಒಂದೇ ಹೆಸರು ವರ್ಷವಿಡೀ ಮೂರನೇ ಅಂಕಣದಲ್ಲಿ ಬರುತ್ತಿದ್ದರೆ ಆ ಊರಿನಲ್ಲಿ ಸಂಘಕ್ಕೆ ಒಂದು ಕೈ ಇತ್ತು ಎಂದರ್ಥ. ಆ ಹೆಸರು ಥಟ್ಟನೆ ನಿಂತು ಮುಂದಿನ ವರ್ಷ ಬೇರೆ ಊರಿನಿಂದ ಬಂದರೆ ಅದು ವರ್ಗಾವಣೆ. ಇಲಾಖೆಯ ದಾಖಲೆ ಮುಟ್ಟದೆಯೇ ಅಧಿಕಾರಿಗಳ ಓಡಾಟ ಇಲ್ಲಿ ಕಾಣುತ್ತದೆ.

ಬರೆದುಕೊಳ್ಳಲು ಒಂಬತ್ತು ಕಾಲಮ್ಮಿನ ಹಾಳೆ ಬಳಸಿದೆವು: ಸಂಪುಟ, ಸಂಚಿಕೆ, ಪುಟ, ಸಂಚಿಕೆಯ ತಿಂಗಳು-ವರ್ಷ, ವ್ಯಕ್ತಿಯ ಹೆಸರು, ಊರು, ಜೀವಿಯ ಹೆಸರು, ಅದರ ಇಂದಿನ ಹೆಸರು, ಷರಾ. ನಡುವಿನ ಮೂರು ಹೆಸರುಗಳನ್ನು ಅಚ್ಚಿನಲ್ಲಿ ಇದ್ದ ಹಾಗೇ ಇಳಿಸಬೇಕು, ಮನಸ್ಸಿನಲ್ಲಿ ತಿದ್ದಿ ಬರೆಯಬಾರದು. ಮೊದಲ ನೂರು ಸಾಲಿನಲ್ಲಿ ನಾವು ಊರಿನ ಹೆಸರನ್ನು ಈಗಿನ ರೂಪಕ್ಕೆ ತಿದ್ದಿ ಬರೆದೆವು. ಅದೇ ಊರನ್ನು ಮತ್ತೆ ಪಠ್ಯದಲ್ಲಿ ಹುಡುಕುವಾಗ ಅಚ್ಚಿನ ರೂಪ ನೆನಪಿಲ್ಲದೆ ಆ ನೂರನ್ನೂ ಮರಳಿ ಮಾಡಬೇಕಾಯಿತು. ಸೂಪಾದಂಥ ಹೆಸರಿಗೆ ಇನ್ನೂ ಎಚ್ಚರ ಬೇಕು. ಹಳೆಯ ಸೂಪಾ ಪೇಟೆ ಕಾಳಿಯ ಅಣೆಕಟ್ಟಿನ ನೀರಲ್ಲಿ ಮುಳುಗಿದೆ, ತಾಲ್ಲೂಕು ಕಚೇರಿ ಜೋಯಿಡಾದಲ್ಲಿದೆ. ಇಂದಿನ ಮ್ಯಾಪಿನಲ್ಲಿ ಸೂಪಾ ಎಂದು ಹುಡುಕಿ ಸಿಕ್ಕ ಬಿಂದುವನ್ನು 1890ರ ದಾಖಲೆಗೆ ಅಂಟಿಸಿದರೆ ಹಕ್ಕಿ ಜಲಾಶಯದ ನಡುವೆ ಕೂರುತ್ತದೆ.

ಪುಟದ ಅಂಕಿಯಲ್ಲೂ ಒಂದು ಹಳ್ಳವಿದೆ. ಚಿತ್ರಫಲಕಗಳಿಗೆ ಪುಟಸಂಖ್ಯೆ ಇರುವುದಿಲ್ಲ, ಆದರೆ ಸ್ಕ್ಯಾನಿನ ಎಣಿಕೆಯಲ್ಲಿ ಅವೂ ಸೇರುತ್ತವೆ. ಅಚ್ಚಿನ ಪುಟವನ್ನೇ ಬರೆಯಿರಿ. ಸಂಪುಟದ ವರ್ಷವೂ ಕ್ಯಾಲೆಂಡರಿನ ವರ್ಷವಲ್ಲ. ಡೇವಿಡ್‌ಸನ್, ಬೆಲ್, ಏಟ್ಕೆನ್ ಮೂವರೂ ಸೇರಿ ಬರೆದ ಉತ್ತರ ಕೆನರಾ ಜಿಲ್ಲೆಯ ಚಿಟ್ಟೆಗಳ ಲೇಖನವನ್ನೇ ನೋಡಿ. ಹತ್ತನೇ ಸಂಪುಟದ 237ನೇ ಪುಟದಲ್ಲಿ ಶುರುವಾಗಿ, ಕಂತು ಕಂತಾಗಿ ಹರಿದು, ಹನ್ನೊಂದನೇ ಸಂಪುಟದಲ್ಲಿ ಮುಗಿಯುತ್ತದೆ. ಮೊದಲ ಕಂತು ಮಾತ್ರ ಓದಿ 'ಕಾರವಾರದವರು ಇಷ್ಟೇ ಚಿಟ್ಟೆ ಕಂಡಿದ್ದರು' ಎಂದು ಬರೆದವರಿದ್ದಾರೆ. ಲೇಖನದ ಕೊನೆಯಲ್ಲಿ 'ಮುಂದುವರಿಯುವುದು' ಎಂಬ ಸಾಲು ಇದೆಯೇ ಎಂದು ಪ್ರತಿ ಬಾರಿ ನೋಡಿಕೊಳ್ಳಬೇಕು.

ಈ ಮೂವರ ಕೂಟ ಉತ್ತರ ಕನ್ನಡದ ಮಟ್ಟಿಗೆ ಒಂದು ಸಂಘದೊಳಗಿನ ಸಂಘ. ಜೇಮ್ಸ್ ಡೇವಿಡ್‌ಸನ್ ಜಿಲ್ಲೆಯ ಕಲೆಕ್ಟರ್. ಇ.ಎಚ್. ಏಟ್ಕೆನ್ ಸುಂಕ ಮತ್ತು ಉಪ್ಪಿನ ಇಲಾಖೆಯವರು, ಸೊಸೈಟಿಯ ಮೊದಲ ಗೌರವ ಕಾರ್ಯದರ್ಶಿ. ಟಿ.ಆರ್. ಬೆಲ್ ಅರಣ್ಯ ಇಲಾಖೆಯವರು, ಇವರಿಬ್ಬರ ಸಹವಾಸದಿಂದ ಚಿಟ್ಟೆಗೆ ಬಿದ್ದವರು. ಬೆಲ್ 1920ರಲ್ಲಿ ನಿವೃತ್ತರಾದ ಮೇಲೂ ಕಾರವಾರ ಬಿಡಲಿಲ್ಲ, 1948ರಲ್ಲಿ ತೀರಿಕೊಂಡದ್ದೂ ಅಲ್ಲೇ. ಮೂವರ ಕೆಲಸದ ಹೆಚ್ಚುಗಾರಿಕೆ ಚಿಟ್ಟೆ ಹಿಡಿದು ಸೂಜಿ ಚುಚ್ಚಿದ್ದರಲ್ಲಿ ಇಲ್ಲ. ಅದನ್ನು ಆಗ ಎಲ್ಲರೂ ಮಾಡುತ್ತಿದ್ದರು. ಇವರು ಹುಳು ಸಾಕಿದರು. ಮೊಟ್ಟೆ ಯಾವ ಗಿಡದ ಯಾವ ಭಾಗದಲ್ಲಿ, ಹುಳು ತಿನ್ನುವುದು ಚಿಗುರೋ ಬಲಿತ ಎಲೆಯೋ, ಕೋಶ ಕಟ್ಟುವಾಗ ಗಿಡದಲ್ಲೇ ಉಳಿಯುತ್ತದೋ ಇಳಿದು ಹೋಗುತ್ತದೋ, ಇಂಥವನ್ನು ಬರೆದಿಟ್ಟರು. ಇಂದಿಗೂ ಪಶ್ಚಿಮ ಘಟ್ಟದಲ್ಲಿ ಹುಳು ಸಾಕುವವರು ಆ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಾರೆ.

ಅವುಗಳನ್ನು ಬಳಸಲು ಗಿಡದ ಹೆಸರು ಬಿಡಿಸಿಕೊಳ್ಳಬೇಕು. ಜೆಝೆಬೆಲ್ ಚಿಟ್ಟೆಯ ಹುಳು ಬದನಿಕೆ ತಿನ್ನುತ್ತದೆ. ಹಳೆಯ ಬರಹದಲ್ಲಿ ಬದನಿಕೆ ಅಂದರೆ ಲೋರಾಂಥಸ್. ಆಗ ಆ ಒಂದು ಹೆಸರಿನಡಿ ಇದ್ದ ಗಿಡಗಳನ್ನು ಈಗ ಹಲವು ಕುಲಗಳಿಗೆ ಹಂಚಿದ್ದಾರೆ. ನಮ್ಮ ಮಾವಿನ ಮರದ ಸಾಮಾನ್ಯ ಬದನಿಕೆ ಈಗ ಡೆಂಡ್ರಾಫ್ತೋ ಫಾಲ್ಕೇಟಾ. ಹಾಗಾಗಿ 'ಲೋರಾಂಥಸ್' ಎಂದಷ್ಟೇ ಇದ್ದ ಕಡೆ ಎಂಟನೇ ಕಾಲಮ್ ಖಾಲಿ ಬಿಡಬೇಕು, ಜಾತಿಯ ಹೆಸರೂ ಇದ್ದರೆ ಮಾತ್ರ ತುಂಬಬೇಕು. ನಾಡಿನ ಚಿಟ್ಟೆಯೆಂದು ಕರ್ನಾಟಕ ಆರಿಸಿಕೊಂಡ ಸದರ್ನ್ ಬರ್ಡ್‌ವಿಂಗ್ ಇಂದು ಟ್ರೋಯ್ಡಿಸ್ ಮೈನೋಸ್. ಹತ್ತೊಂಬತ್ತನೇ ಶತಮಾನದ ಬರಹಗಳಲ್ಲಿ ಅದನ್ನು ಆರ್ನಿಥಾಪ್ಟೆರಾ ಕುಲದಡಿಯೂ ಹುಡುಕಬೇಕು. ಅದರ ಹುಳುವಿನ ಆಹಾರ ಈಶ್ವರಿ ಬಳ್ಳಿ ಮತ್ತು ಅದರ ಬಳಗ. ಗಿಡದ ಹೆಸರು ಹಿಡಿದು ಹುಡುಕಿದರೆ ಚಿಟ್ಟೆಯ ಹೆಸರು ಬದಲಾದ ಕಡೆಯೂ ದಾರಿ ಸಿಗುತ್ತದೆ, ಇದು ನಮಗೆ ತಡವಾಗಿ ಹೊಳೆದ ಉಪಾಯ.

ಏಟ್ಕೆನ್ ವಿಷಯದಲ್ಲಿ ಕಾಲ ಅದಲುಬದಲಾಗುವ ಅಪಾಯ ಹೆಚ್ಚು. ಅವರು ಕಾರ್ಯದರ್ಶಿಯಾಗಿದ್ದದ್ದು 1883ರ ಸೆಪ್ಟೆಂಬರಿನಿಂದ 1886ರ ಮಾರ್ಚ್‌ವರೆಗೆ. ಚಿಟ್ಟೆಯ ಲೇಖನ ಬಂದದ್ದು ಅದಾಗಿ ಹತ್ತು ವರ್ಷಕ್ಕೆ. 'ಸೊಸೈಟಿಯ ಕಾರ್ಯದರ್ಶಿ ಕಾರವಾರದಲ್ಲಿ ಕೂತು ಚಿಟ್ಟೆ ಸಾಕಿದರು' ಎಂದು ಒಂದೇ ವಾಕ್ಯಕ್ಕೆ ಎರಡು ದಶಕ ತುರುಕಿದರೆ ಕೇಳಲು ಚೆಂದ, ಆದರೆ ಸುಳ್ಳು. ಪ್ರತಿ ಹೆಸರಿಗೂ ಎರಡು ಪಟ್ಟಿ ಬೇಕು: ಹುದ್ದೆಯ ಪಟ್ಟಿ, ಊರಿನ ಪಟ್ಟಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ವಾಕ್ಯ ಬರೆಯಬೇಕು.

ಈಗ ನಾಯಕತ್ವದ ಮಾತು. ಸಂಘದ ಚರಿತ್ರೆ ಬರೆಯುವವರು ಮೊದಲು ಕೈಹಾಕುವುದು ಅಧ್ಯಕ್ಷರ ಪಟ್ಟಿಗೆ. ಈ ಸೊಸೈಟಿಯಲ್ಲಿ ಅದರಿಂದ ಸಿಗುವುದು ತೀರಾ ಕಡಿಮೆ. ಬ್ರಿಟಿಷ್ ಕಾಲದಲ್ಲಿ ಆ ಕುರ್ಚಿ ಹೆಚ್ಚಾಗಿ ಪ್ರಾಂತ್ಯದ ಗವರ್ನರರ ಅಲಂಕಾರಕ್ಕೆ. 1883ರಿಂದ 1920ರವರೆಗೆ, ಹಂಗಾಮಿಗಳನ್ನು ಬಿಟ್ಟು, ಮುಂಬೈ ಪ್ರಾಂತ್ಯಕ್ಕೆ ಒಂಬತ್ತು ಗವರ್ನರರು ಬಂದು ಹೋದರು. ಅದೇ ಮೂವತ್ತೇಳು ವರ್ಷದಲ್ಲಿ ಸೊಸೈಟಿಗೆ ಇದ್ದ ಗೌರವ ಕಾರ್ಯದರ್ಶಿಗಳು ಮೂವರೇ: ಏಟ್ಕೆನ್, ಅವರ ನಂತರ 1906ರವರೆಗೆ ಎಚ್.ಎಂ. ಫಿಪ್ಸನ್, ಆಮೇಲೆ 1920ರವರೆಗೆ ಡಬ್ಲ್ಯು.ಎಸ್. ಮಿಲಾರ್ಡ್. ಕಾಗದಕ್ಕೆ ಉತ್ತರ ಬರೆದವರು, ಬಂದ ಪೆಟ್ಟಿಗೆ ಬಿಚ್ಚಿದವರು, ಬಾಡಿಗೆ ಕೊಟ್ಟವರು ಇವರು.

ಬಾಡಿಗೆ ಎಂದದ್ದು ಸುಮ್ಮನೆ ಅಲ್ಲ. ಫಿಪ್ಸನ್ ವೈನ್ ವ್ಯಾಪಾರಿ. 1884ರ ಜನವರಿಯಲ್ಲಿ ಫೋರ್ಬ್ಸ್ ಸ್ಟ್ರೀಟಿನ ತಮ್ಮ ಅಂಗಡಿಯಲ್ಲೇ ಸಂಘಕ್ಕೆ ಒಂದು ಕೋಣೆ ಬಿಟ್ಟುಕೊಟ್ಟರು. 1886ರಲ್ಲಿ ಅಪೊಲೊ ಸ್ಟ್ರೀಟಿನ 6ನೇ ನಂಬರಿಗೆ ಸ್ಥಳಾಂತರ. ಮಿಲಾರ್ಡ್ ಅದೇ ಫಿಪ್ಸನ್ ಕಂಪನಿಯವರು. ಅಂದರೆ ಕಾರ್ಯದರ್ಶಿ ಬದಲಾದಾಗಲೂ ಸಂಘದ ಮೇಜು, ಕಪಾಟು, ವಿಳಾಸ ಬದಲಾಗಲಿಲ್ಲ. ಹವ್ಯಾಸಿ ಸಂಘಗಳು ಸಾಯುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ: ಕಾರ್ಯದರ್ಶಿಗೆ ವರ್ಗವಾಗುತ್ತದೆ, ಪುಸ್ತಕ-ಮಾದರಿಗಳು ಯಾರದೋ ಅಟ್ಟ ಸೇರುತ್ತವೆ. ಈ ಸೊಸೈಟಿ ಆ ಗಂಡಾಂತರ ದಾಟಿದ್ದರಲ್ಲಿ ವೈನ್ ಅಂಗಡಿಯ ಪಾಲು ಗವರ್ನರರ ಪಾಲಿಗಿಂತ ದೊಡ್ಡದು ಎಂಬುದು ನಮ್ಮ ಎಣಿಕೆ. 1908ರಲ್ಲಿ ಹಳದಿ ಕತ್ತಿನ ಗುಬ್ಬಿಯೊಂದನ್ನು ಗುರುತಿಸಲು ಸೊಸೈಟಿಯ ಮೆಟ್ಟಿಲು ಹತ್ತಿದ ಹುಡುಗ ಸಲೀಂ ಅಲಿಯನ್ನು ಮಾತಾಡಿಸಿ, ಸಂಗ್ರಹ ತೋರಿಸಿದವರೂ ಗೌರವ ಕಾರ್ಯದರ್ಶಿ ಮಿಲಾರ್ಡ್ ಅವರೇ. ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು 1939-40ರಲ್ಲಿ ನಮ್ಮ ಕಡೆ ಓಡಾಡಿದ್ದು ಇದೇ ಸಲೀಂ ಅಲಿ.

ಇನ್ನೊಂದು ಬಗೆಯ ನಾಯಕತ್ವ ಹುದ್ದೆಯ ಪಟ್ಟಿಯಲ್ಲಿ ಕಾಣುವುದಿಲ್ಲ. 1911ರಲ್ಲಿ ಶುರುವಾದ ಸಸ್ತನಿ ಸಮೀಕ್ಷೆಯ ಬೆನ್ನೆಲುಬು ಆರ್.ಸಿ. ರಾಟನ್, ನಿವೃತ್ತ ಅರಣ್ಯಾಧಿಕಾರಿ. ಸದಸ್ಯರ ಜಾಲವನ್ನೇ ಬಳಸಿ, ಕ್ಷೇತ್ರಕ್ಕೆ ಸಂಗ್ರಾಹಕರನ್ನು ಇಳಿಸಿ ಹನ್ನೆರಡು ವರ್ಷ ನಡೆದ ಕೆಲಸ ಅದು. ಕೆನರಾ, ಕೊಡಗಿನಲ್ಲಿ ಓಡಾಡಿದವರು ಜಿ.ಸಿ. ಶಾರ್ಟ್ರಿಜ್. ಈ ವರದಿಗಳಲ್ಲಿ ಊರು, ಎತ್ತರ, ತಾರೀಕು ಮೂರೂ ಇರುವುದರಿಂದ ಹಾಳೆ ತುಂಬುವುದು ಸುಲಭ. ಹಳೆಯ ದಾನಪಟ್ಟಿಗಳ ನಂತರ ಇವನ್ನು ಓದುವಾಗ ಹಳ್ಳದಿಂದ ಡಾಂಬರು ರಸ್ತೆಗೆ ಹತ್ತಿದ ಹಾಗಾಗುತ್ತದೆ. ಅಲ್ಲಿ ಹೆಚ್ಚು ಹೇಳುವಂಥದ್ದೇನಿಲ್ಲ.

ಇದೇ ಕ್ರಮವನ್ನು ನಮ್ಮ ಊರುಗಳ ಹಕ್ಕಿ ಬಳಗ, ನಿಸರ್ಗ ಸಂಘಗಳಿಗೂ ಹಚ್ಚಬಹುದು. ಅಲ್ಲಿ ಜರ್ನಲ್ ಇರುವುದಿಲ್ಲ, ಬದಲಿಗೆ ನಡಾವಳಿ ಪುಸ್ತಕ, ರಸೀದಿ ಪುಸ್ತಕ, ಕ್ಯಾಶ್ ಬುಕ್ ಇರುತ್ತವೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ನೋಂದಣಿಗೆ ಕನಿಷ್ಠ ಏಳು ಮಂದಿ ಬೇಕು, ಹಾಗಾಗಿ ಜ್ಞಾಪನ ಪತ್ರದಲ್ಲಿ ಸ್ಥಾಪಕರ ಹೆಸರು, ವೃತ್ತಿ, ಸಹಿ ಸಿಗುತ್ತವೆ. ಪ್ರತಿ ವರ್ಷ ಸರ್ವಸದಸ್ಯರ ಸಭೆಯಾಗಿ ಹದಿನಾಲ್ಕು ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕೆಂಬ ನಿಯಮವಿದೆ. ಸಂಘದ ಪುಸ್ತಕ ಗೆದ್ದಲು ತಿಂದಿದ್ದರೂ ಆ ಕಚೇರಿಯ ಕಡತದಿಂದ ಪದಾಧಿಕಾರಿಗಳ ಪಟ್ಟಿ ಕೂಡಿಸಬಹುದು. ಅದರಲ್ಲೊಂದು ಮೋಸವಿದೆ: ಹಲವು ಸಂಘಗಳು ನಾಲ್ಕೈದು ವರ್ಷದ ಪಟ್ಟಿಯನ್ನು ದಂಡ ಸಮೇತ ಒಟ್ಟಿಗೆ ಸಲ್ಲಿಸುತ್ತವೆ, ಆಗ ಹಿಂದಿನ ವರ್ಷಗಳಿಗೂ ಇಂದಿನ ಹೆಸರುಗಳೇ ಬಿದ್ದಿರುತ್ತವೆ. ಒಂದೇ ಶಾಯಿ, ಒಂದೇ ಕೈಬರಹ, ಒಂದೇ ಸ್ವೀಕೃತಿ ಮೊಹರು ಕಂಡರೆ ಅನುಮಾನಿಸಿ, ರಸೀದಿ ಪುಸ್ತಕ ತೆಗೆಯಿರಿ. ಚಂದಾ ಪಡೆದು ಸಹಿ ಹಾಕಿದವರೇ ಆ ವರ್ಷ ಸಂಘ ನಡೆಸಿದವರು. ಅಧ್ಯಕ್ಷರ ಸಹಿ ರಸೀದಿಯ ಮೇಲೆ ಇರುವುದು ಅಪರೂಪ.

ಮರಳಿ ವಿಲಿಯಂಗೆ. ಇವನ ಬಗ್ಗೆ ಫಿಪ್ಸನ್ ಬರೆದದ್ದು ಸಾಕಷ್ಟಿದೆ. ಹುಟ್ಟಿದ್ದು 1894ರ ಮೇ, ಸೊಸೈಟಿಗೆ ಬಂದದ್ದು ಮೂರು ತಿಂಗಳಿಗೆ. ಮಂಗಟ್ಟೆಯ ಗೂಡು ಮಾಡುವ ಕಾಲಕ್ಕೆ ಇದು ತಾಳೆಯಾಗುತ್ತದೆ, ನಮ್ಮ ಕಾಡಿನಲ್ಲಿ ಮರಿಗಳು ಪೊಟರೆಯಿಂದ ಹೊರಬೀಳುವುದು ಬೇಸಿಗೆಯ ಕೊನೆಗೆ. ಮೂರನೇ ವರ್ಷ ಮುಗಿಯುವ ಹೊತ್ತಿಗೆ ಉದ್ದ ನಾಲ್ಕೂಕಾಲು ಅಡಿ, ಅಂದರೆ ಸುಮಾರು 130 ಸೆಂಟಿಮೀಟರ್. ದೊಡ್ಡ ಮಂಗಟ್ಟೆಗೆ ಅದು ಮೇಲಿನ ಅಂಚು, ಆದರೂ ಅಳತೆಯೊಳಗಿದೆ. ಬಾಳೆಹಣ್ಣು, ಕಾಡು ಅತ್ತಿಯ ಜತೆಗೆ ಜೀವಂತ ಇಲಿ, ಚೇಳು, ಹಸಿ ಮಾಂಸ ತಿನ್ನುತ್ತಿದ್ದ. ನೀರು ಕುಡಿಯುತ್ತಿರಲಿಲ್ಲ, ಮೀಯುತ್ತಲೂ ಇರಲಿಲ್ಲ. ಮೂವತ್ತು ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿದ್ದ. ಕಾಡಿನ ಮಂಗಟ್ಟೆ ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಕಿತ್ತು, ಮೇಲೆ ಚಿಮ್ಮಿ ಗಂಟಲಿಗೆ ಹಾಕಿಕೊಳ್ಳುವುದನ್ನು ದಾಂಡೇಲಿಯಲ್ಲಿ ನೋಡಿದವರಿಗೆ ಈ ಚೆಂಡಿನಾಟ ಆಶ್ಚರ್ಯವೆನಿಸದು. ಫಿಪ್ಸನ್ ಹೋದ ಮೇಲೂ ಇದ್ದ, ಮಿಲಾರ್ಡ್ ಅವಧಿ ಮುಗಿದ 1920ರಲ್ಲಿ ಅವನ ಕಾಲವೂ ಮುಗಿಯಿತು. ಲಾಂಛನವಾದದ್ದು 1933ರಲ್ಲಿ, ಸೊಸೈಟಿಯ ಐವತ್ತನೇ ವರ್ಷಕ್ಕೆ.

ಹುಡುಕುವಾಗ ಈ ಹಕ್ಕಿಗೆ ಇಂಗ್ಲಿಷಿನಲ್ಲಿ ಮೂರು ಹೆಸರು ಹಾಕಬೇಕು: ಗ್ರೇಟ್ ಇಂಡಿಯನ್ ಹಾರ್ನ್‌ಬಿಲ್, ಗ್ರೇಟ್ ಪೈಡ್ ಹಾರ್ನ್‌ಬಿಲ್, ಗ್ರೇಟ್ ಹಾರ್ನ್‌ಬಿಲ್. ವೈಜ್ಞಾನಿಕ ಹೆಸರಲ್ಲಿ ಆಗ ಡೈಕೋಸೆರಸ್, ಈಗ ಬ್ಯೂಸೆರಸ್. ಎರಡನೇ ಪದ ಬೈಕಾರ್ನಿಸ್ ಮಾತ್ರ ಹೆಚ್ಚಿನ ಕಡೆ ಅದೇ, ಹಾಗಾಗಿ ಅದನ್ನೊಂದೇ ಹಾಕಿ ಹುಡುಕುವುದು ಜಾಣತನ. ಇನ್ನೊಂದು ಎಚ್ಚರ: ಪಟ್ಟಿಯ ಮೂರನೇ ಅಂಕಣದ ಊರು ಕೊಟ್ಟವರ ವಿಳಾಸ, ಜೀವಿ ಸಿಕ್ಕ ಜಾಗವಲ್ಲ. ಇಂಗಲ್ ಕಾರವಾರದವರು. ಅಷ್ಟರಿಂದಲೇ ಮರಿಯನ್ನು ಕಾರವಾರ ಪೇಟೆಯ ಪಕ್ಕದ ಗುಡ್ಡದಲ್ಲಿ ಹುಟ್ಟಿಸಬಾರದು. ಹಾಳೆಯಲ್ಲಿ ವಿಲಿಯಂನ ಸಾಲು ಕೊನೆಗೆ ನಿಂತದ್ದು ಹೀಗೆ: ಜೀವಿ, ದೊಡ್ಡ ಮಂಗಟ್ಟೆ, ಮರಿ. ಇಂದಿನ ಹೆಸರು, ಬ್ಯೂಸೆರಸ್ ಬೈಕಾರ್ನಿಸ್. ಕೊಟ್ಟವರು, ಎಚ್. ಇಂಗಲ್. ಊರು, ಕಾರವಾರ. ಷರಾ: 'ಊರು ಕೊಟ್ಟವರದ್ದು, ಹಕ್ಕಿಯದ್ದಲ್ಲ.'